ಮಾಜಿ ಸೈನಿಕರ ಹೆಂಡತಿಯರನ್ನೂ ವಿಚಾರಿಸಿ

ಯುದ್ಧ ಕಂಡು ಬಂದ ಮಾಜಿ ಸೈನಿಕರಲ್ಲಿ ಕೆಲವರನ್ನು ಪಿಟಿಎಸ್‌ಡಿ ಎಂಬ ಮನಸ್ಸಿನ ಗಾಯ ವರ್ಷಗಟ್ಟಲೆ ಕಾಡುತ್ತದೆ; ಆ ಕಷ್ಟದಲ್ಲಿ ಅರ್ಧ ಪಾಲು ಹೊರುವ ಹೆಂಡತಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನಮ್ಮ ತಂದೆ 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದರು. ಊರಿಗೆ ಬಂದ ಮೇಲೆ, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಗುಂಡಿನ ಸದ್ದಿಗೂ ಬೆವರುತ್ತಿದ್ದರು. ರಾತ್ರಿ ಬೆಚ್ಚಿ ಏಳುತ್ತಿದ್ದರು. ಸುಮ್ನೆ ಕೋಪ ಜಾಸ್ತಿ ಎಂದು ನೆಂಟರು ಹೇಳುತ್ತಿದ್ದರು. ಅದು ಕಾಯಿಲೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅಮ್ಮ ಮದುವೆ, ನಾಮಕರಣಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಷ್ಟು ವರ್ಷ ಅವರೂ ನಿದ್ದೆಗೆಟ್ಟಿದ್ದರು ಅಲ್ವಾ?

2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಹೆಂಡತಿಗೂ ಚಿಕಿತ್ಸೆ ಸಿಗುತ್ತದೆ. ಆದರೆ ನಾನು ಕಂಡ ಹೆಂಗಸರು ಅಲ್ಲಿಗೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಹೋಗುತ್ತಾರೆಯೇ ಹೊರತು ಮನಸ್ಸಿನ ಮಾತು ಆಡುವುದಿಲ್ಲ. ಗಂಡನ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ.

ಕೊಡಗು, ಬೆಳಗಾವಿಯಂತಹ, ಸೈನಿಕರ ಮನೆಗಳು ಹೆಚ್ಚಿರುವ ಜಿಲ್ಲೆಗಳ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳಲ್ಲಿ ತಿಂಗಳಿಗೆ ಒಂದು ದಿನವಾದರೂ ಆಪ್ತ ಸಮಾಲೋಚಕರು ಹೆಂಡತಿಯರ ಜೊತೆ ಬೇರೆಯಾಗಿ ಕೂತು ಮಾತಾಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ತರಬೇತಿ ಕೊಡಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳು ಆ ನಂಬರನ್ನು ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಬರೆಸಿ ಹಾಕಲಿ.

– ಮಾಜಿ ಸೈನಿಕರ ಮಗಳು, ಮಡಿಕೇರಿ