ಮೂರನೇ ಮಹಡಿಗೆ ಬರುವ ಮರಿಗೆ

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮುಂದಿನ ಭಾನುವಾರ ಎರಡು ತಿಂಗಳ ಮರಿ ಮನೆಗೆ ಬರುತ್ತದೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಬೀದಿನಾಯಿಯ ಮರಿಯನ್ನೇ ತರುತ್ತಿದ್ದೀಯಂತೆ, ಕೇಳಿ ತುಂಬಾ ಸಂತೋಷವಾಯಿತು. ತಟ್ಟೆ, ಬೆಲ್ಟು, ಹಾಸಿಗೆ ಎಲ್ಲ ಆಗಲೇ ತಂದಿಟ್ಟಿದ್ದೀಯಂತೆ. ಅವು ವಾರ ತಡವಾಗಿದ್ದರೂ ನಡೆಯುತ್ತಿತ್ತು. ಮೊದಲು ಆಗಬೇಕಾದ ಕೆಲಸ ಬೇರೆ ಇದೆ, ಅದಕ್ಕೇ ಈ ಕಾಗದ.

ನಮ್ಮ ಕೆಂಚನ ವಿಷಯ ನಿನಗೆ ಗೊತ್ತಿಲ್ಲ, ಆಗ ನೀನಿನ್ನೂ ಹುಟ್ಟಿರಲಿಲ್ಲ. ಮೂರು ತಿಂಗಳ ಮರಿ. ಅಡಿಕೆ ಮೂಟೆಗಳ ಹಿಂದೆ ಇಲಿಪಾಷಾಣದ ಬಿಲ್ಲೆ ಇಟ್ಟಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಅರ್ಧ ಬಿಲ್ಲೆ ಇಲ್ಲ, ಪಕ್ಕದಲ್ಲಿ ಕೆಂಚ ಬಾಲ ಅಲ್ಲಾಡಿಸುತ್ತಾ ನಿಂತಿದ್ದಾನೆ. ಎದೆ ಧಸಕ್ಕೆಂದಿತು. ಆದರೆ ಅವತ್ತೆಲ್ಲ ಕುಣಿದ, ಮಾರನೇ ದಿನವೂ ಉಂಡು ಆಡಿದ. ಏನೂ ಆಗಿಲ್ಲವೆಂದು ಸುಮ್ಮನಾದೆವು. ನಾಲ್ಕನೇ ದಿನ ಒಸಡು ಸುಣ್ಣದ ಹಾಗೆ ಬಿಳಿಚಿತು, ಮೂಗಿನಲ್ಲಿ ರಕ್ತ. ಡಾಕ್ಟರು ಬಂದು ಕೇಳಿದ ಮೊದಲ ಮಾತು, ‘ತಿಂದದ್ದು ಯಾವತ್ತು?’ ಆ ಪಾಷಾಣ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದಂತೆ. ಲಕ್ಷಣ ಕಾಣುವುದಕ್ಕೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಮೊದಲ ದಿನವೇ ವಿಟಮಿನ್ ಕೆ ಶುರು ಮಾಡಿದ್ದರೆ ಉಳಿಯುವ ಸಾಧ್ಯತೆ ಬಹಳ ಇತ್ತು. ಅವತ್ತು ರಾತ್ರಿ ನನ್ನ ಮಡಿಲಲ್ಲೇ ಹೋದ.

ಆದ್ದರಿಂದ ಹೇಳುತ್ತೇನೆ ಪುಟ್ಟಿ, ಮರಿ ತಿನ್ನಬಾರದ್ದು ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಚೆನ್ನಾಗಿ ಆಡುತ್ತಿದೆಯಲ್ಲ ಅಂತ ಕಾಯಬೇಡ. ಅದರ ಕವರನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡವೇ ಬೇಡ, ಉಪ್ಪೇ ಮರಿಗೆ ಕಂಟಕವಾಗುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ಆದರೆ ನಿಮ್ಮ ಬನಶಂಕರಿಯಿಂದ ಅದು ಬೆಂಗಳೂರಿನ ಆ ತುದಿ. ರಾತ್ರಿ ಹೊತ್ತು ಹತ್ತಿರದಲ್ಲಿ ಯಾವ ಡಾಕ್ಟರು ಸಿಗುತ್ತಾರೆಂದು ಈಗಲೇ ವಿಚಾರಿಸಿ, ನಂಬರು ಫ್ರಿಜ್ ಮೇಲೆ ಅಂಟಿಸು.

ಇನ್ನು ಮನೆಯ ಮಾತು. ಶನಿವಾರ ಸಂಜೆ ನೆಲದ ಮೇಲೆ ಅಂಬೆಗಾಲಿಟ್ಟು ಮನೆಯೆಲ್ಲ ಒಂದು ಸುತ್ತು ಬಾ. ನಾಚಿಕೊಳ್ಳಬೇಡ. ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ: ಮಂಚದ ಕೆಳಗೆ ಉರುಳಿದ ಮಾತ್ರೆ, ಸೋಫಾ ಹಿಂದೆ ನೇತಾಡುವ ಚಾರ್ಜರ್ ವೈರು, ಬಟನ್ ಸೆಲ್ಲು, ಕೂದಲಿನ ರಬ್ಬರ್ ಬ್ಯಾಂಡು. ಮರಿ ಎಲ್ಲವನ್ನೂ ಬಾಯಿಗೆ ಹಾಕಿಯೇ ನೋಡುವುದು. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳಲು ಶುರುವಾದರೆ ಕೇಳುವುದೇ ಬೇಡ. ನೆನೆಸಿ ಫ್ರಿಜ್ಜಿನಲ್ಲಿಟ್ಟ ದಪ್ಪ ಬಟ್ಟೆ ಕೊಡು, ನಿನ್ನ ಕಣ್ಣೆದುರೇ ಕಡಿಯಲಿ.

ವಾಷ್‌ಬೇಸಿನ್ನಿಗೆ, ಬೀರುವಿಗೆ ಹಾಕುವ ನುಸಿಗುಳಿಗೆ ತೆಗೆದುಬಿಡು. ಒಂದು ಗುಳಿಗೆಯೂ ಪುಟ್ಟ ಮರಿಗೆ ವಿಷವೇ. ದೇವರ ಮನೆಯ ಕರ್ಪೂರ ಮೇಲಿನ ಗೂಡಿಗೆ ಹೋಗಲಿ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿಯ ಮೇಲೆ ಕಣ್ಣಿಡು. ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಎಷ್ಟು ತಿಂದರೆ ಅಪಾಯವಿಲ್ಲ ಎಂದು ಲೆಕ್ಕ ಹೇಳುವ ಹಾಗಿಲ್ಲ. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿಯೂ ಕೂಡದು. ನಾವು ನುಂಗುವ ಜ್ವರದ ಮಾತ್ರೆಯನ್ನಂತೂ ಚೂರೂ ಕೊಡಬೇಡ. ಬಾಲ್ಕನಿಯ ಕುಂಡಗಳಲ್ಲಿ ಕಣಗಿಲೆ, ಸೈಕಸ್‌ನಂಥ ವಿಷದ ಗಿಡ ಇದ್ದರೆ ಯಾರಿಗಾದರೂ ಕೊಟ್ಟುಬಿಡು.

ಬಾಲ್ಕನಿಯೇ ನನಗೆ ದೊಡ್ಡ ದಿಗಿಲು. ಹೋದ ವರ್ಷ ಬಂದಾಗ ನೋಡಿದ್ದೆ, ಗ್ರಿಲ್ ಸಂದಿಯಲ್ಲಿ ನನ್ನ ಮುಷ್ಟಿ ಸಲೀಸಾಗಿ ತೂರುತ್ತಿತ್ತು. ತಲೆ ತೂರಿದರೆ ಮರಿಯ ಮೈಯೂ ತೂರುತ್ತದೆ. ಕೆಳಗಿನಿಂದ ಮೂರು ಅಡಿ ಎತ್ತರಕ್ಕೆ ತಂತಿ ಜಾಲರಿ ಬಿಗಿಸು, ಪಕ್ಕದಲ್ಲಿ ಸ್ಟೂಲು ಇಡಬೇಡ. ಅದು ಆಗುವ ತನಕ ಬಾಗಿಲು ತೆಗೆಯುವುದೇ ಬೇಡ. ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಓಡಾಡುವ ಕಡೆ ಚಾಪೆ ಹಾಸು. ಬಚ್ಚಲಿನ ಬಕೆಟ್ ಬೋರಲು ಹಾಕಿಡು.

ಚಪ್ಪಲಿ ಹೊರಗೆ ಬಿಡುವ ನಮ್ಮ ಅಭ್ಯಾಸವನ್ನು ಬರುವವರೆಲ್ಲರಿಗೂ ಕಡ್ಡಾಯ ಮಾಡು. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ಸು ಚಪ್ಪಲಿಯ ಅಡಿಯಲ್ಲೇ ಮನೆಯೊಳಗೆ ಬರಬಲ್ಲದು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಬೀಳಬೇಕು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಬೇರೆ. ಲಸಿಕೆಯೆಲ್ಲ ಮುಗಿಯುವವರೆಗೆ ಬೀದಿಯಲ್ಲಿ ಕೆಳಗೆ ಬಿಡಬೇಡ. ಎತ್ತಿಕೊಂಡು ಹೋಗಿ ಆಟೋ, ಬಸ್ಸು, ಜನ ಎಲ್ಲ ತೋರಿಸು.

ಮರಿ ತರುವಾಗ ಅದರ ತಾಯಿ ಮಲಗಿದ್ದ ಜಾಗದಲ್ಲಿ ಉಜ್ಜಿದ ಬಟ್ಟೆಯೊಂದನ್ನು ತಾ. ಮೊದಲ ರಾತ್ರಿ ಅದರ ಪಕ್ಕದಲ್ಲಿರಲಿ, ನೀನೂ ಅಲ್ಲೇ ಕೆಳಗೆ ಮಲಗು. ಅಳುತ್ತದೆ, ಗದರಬೇಡ.

ಶನಿವಾರ ನೆಲದ ಮೇಲೆ ಸುತ್ತು ಹೊಡೆಯುವಾಗ ಫೋನ್ ಮಾಡು. ಏನೇನು ಸಿಕ್ಕಿತೆಂದು ಒಂದೊಂದಾಗಿ ಹೇಳುತ್ತಾ ಹೋಗು, ನಾನು ಕೇಳುತ್ತಾ ಕೂತಿರುತ್ತೇನೆ.

ನಿನ್ನ
ದೊಡ್ಡಮ್ಮ