ಮಸ್ಸಾವಾದಲ್ಲಿ ನಿಂತುಹೋದ ಲೇಖನ

ಪ್ರಿಯ ಗೆಳೆಯ,

ನಿನ್ನ ಪತ್ರಕ್ಕೆ ಮೂರು ತಿಂಗಳು ಉತ್ತರ ಬರೆಯದೆ ಕುಳಿತು, ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಇದು ಹೇಡಿತನವೆಂದು ನೀನು ಅಂದುಕೊಳ್ಳುವೆ. ನಾಲ್ಕು ಜನರೆದುರು ನನ್ನನ್ನು ಬೈಯಲು ನಿನಗೆ ಸಂಕೋಚವೆಂಬುದನ್ನು ತಿಳಿದೇ ಹೀಗೆ ಮಾಡಿದ್ದೇನೆ. ಕರ್ನಲ್ ಬೆಕ್ಕಿಗೆ ನನ್ನ ವಂದನೆ ತಿಳಿಸು. ಹಸಿರು ಛತ್ರಿಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲವೆಂದು ಮಾತು ಕೊಡುತ್ತೇನೆ.

ಆರು ವರ್ಷಗಳಿಂದ ಬರೆಯುತ್ತೇನೆ, ಬರೆಯುತ್ತೇನೆ ಎನ್ನುತ್ತಿರುವ, ಎರಡನೆಯ ಮಹಾಯುದ್ಧದ ಕಾಲದ ಕೆರೆನ್ ಕದನದ ಲೇಖನ ಎಲ್ಲಿಗೆ ಬಂತೆಂದು ನೀನು ಕೇಳಿದ್ದೆ. ಅದು ಕೆರೆನ್ ದಾಟಿದೆ. ಅಸ್ಮರಾವನ್ನೂ ದಾಟಿ, ಎರಿಟ್ರಿಯಾದ ಎತ್ತರದ ನಾಡಿನಿಂದ ಕೆಂಪು ಸಮುದ್ರದ ದಂಡೆಗೆ ಇಳಿದು, ಮಸ್ಸಾವಾ ಬಂದರಿನಲ್ಲಿ ನಿಂತುಹೋಗಿದೆ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದು ನಿನಗೆ ಗೊತ್ತು. ಕೇಳಿ ಬೇಸತ್ತವರಲ್ಲಿ ನೀನೇ ಮೊದಲಿಗ. 1941ರ ಫೆಬ್ರವರಿಯಿಂದ ಮಾರ್ಚ್ 27ರವರೆಗೆ ಭಾರತದ 4ನೆಯ ಮತ್ತು 5ನೆಯ ಡಿವಿಷನ್ನುಗಳ ಸಿಪಾಯಿಗಳು, ಬ್ರಿಟಿಷರ ಪರವಾಗಿ ಇಟಲಿಯ ಸೇನೆಯೊಡನೆ ಕಾದಾಡುತ್ತ, ಕೆರೆನ್ನಿನ ಬೋಳು ಬೆಟ್ಟಗಳನ್ನು ಹತ್ತಿ, ಇಳಿದು, ಮತ್ತೆ ಹತ್ತಿದರು. ಅಲ್ಲಿಯೇ ಸುಬೇದಾರ್ ರಿಛ್‌ಪಾಲ್ ರಾಮ್ ತೀರಿಕೊಂಡು, ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪಡೆದರು. ಏಪ್ರಿಲ್ 1ರಂದು ಅಸ್ಮರಾ, 8ರಂದು ಮಸ್ಸಾವಾ. ಬಂದರಿನ ಮೇಲೆ ಬಿದ್ದ ಕೊನೆಯ ದಾಳಿಯಲ್ಲಿ ಭಾರತದ ಎರಡು ಬ್ರಿಗೇಡುಗಳ ಜೊತೆಗೆ, ಜರ್ಮನಿಗೆ ಮಣಿಯದ ಸ್ವತಂತ್ರ ಫ್ರಾನ್ಸಿನ ಸೈನಿಕರೂ ಇದ್ದರು. ಶರಣಾದ ಇಟಲಿಯ ಅಡ್ಮಿರಲ್ ಬೊನೆಟ್ಟಿ ತನ್ನ ಕತ್ತಿಯನ್ನು ಮುರಿಯಲು ಹೋದನಂತೆ, ಅದು ಮುರಿಯದೆ ಬಾಗಿತಂತೆ, ಸಿಟ್ಟಿನಿಂದ ಅದನ್ನು ಸಮುದ್ರಕ್ಕೆ ಎಸೆದನಂತೆ. ಅದೇ ಕತ್ತಿ ಆಮೇಲೆ ನೀರಿನಿಂದ ಮೇಲೆ ಬಂದು ಗೆದ್ದವರ ಕೈ ಸೇರಿತೆಂದೂ ಹೇಳುತ್ತಾರೆ. ನಾನು ಯಾವಾಗಲೂ ಕಥೆ ಮುಗಿಸುತ್ತಿದ್ದುದು ಇಲ್ಲಿಯೇ. ಜನ ನಗುತ್ತಿದ್ದರು, ನಾನು ನೀರು ಕುಡಿಯುತ್ತಿದ್ದೆ.

ಈ ಸಲ ಲೇಖನಕ್ಕಾಗಿ ಕತ್ತಿಯ ಆಚೆಗೂ ಓದಬೇಕಾಯಿತು. ಮಸ್ಸಾವಾ ಬಿದ್ದ ಮೂರೇ ದಿನಕ್ಕೆ, ಕೆಂಪು ಸಮುದ್ರ ಇನ್ನು ಯುದ್ಧವಲಯವಲ್ಲವೆಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಾರಿದರು. ಇನ್ನೂ ಯುದ್ಧಕ್ಕಿಳಿಯದಿದ್ದ ಆ ದೇಶದ ಸರಕು ಹಡಗುಗಳಿಗೆ ಸೂಯೆಜ್‌ವರೆಗಿನ ದಾರಿ ತೆರೆಯಿತು. ಆದರೆ ಗೆದ್ದ ಬಂದರು ಬಂದರಾಗಿ ಉಳಿದಿರಲಿಲ್ಲ. ಶರಣಾಗುವ ಮೊದಲು ಇಟಲಿಯವರು ತಮ್ಮವೂ ಜರ್ಮನರವೂ ಆದ ಹತ್ತಾರು ಹಡಗುಗಳನ್ನು, ಒಳಗೆ ಬರುವ ದಾರಿ ಮುಚ್ಚುವಂತೆ ಸಾಲಾಗಿ ನಿಲ್ಲಿಸಿ, ತಾವೇ ಮುಳುಗಿಸಿದ್ದರು. ಹಡಗುಗಳನ್ನು ನೀರಿನಿಂದ ಎತ್ತಿ ರಿಪೇರಿ ಮಾಡುವ ಎರಡು ಉಕ್ಕಿನ ತೇಲುಡಾಕುಗಳು ತಳ ಸೇರಿದ್ದವು. ಕಾರ್ಯಾಗಾರದ ಯಂತ್ರಗಳನ್ನು ದೊಡ್ಡ ಸುತ್ತಿಗೆಗಳಿಂದ ಒಡೆದು ಹಾಕಿದ್ದರು.

ನನ್ನ ಟಿಪ್ಪಣಿಗಳನ್ನು ತಿರುವಿ ಹಾಕುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮುಳುಗಿಸಿದ್ದರ ಬಗ್ಗೆ ನಾಲ್ಕು ಪುಟ ಬರೆದುಕೊಂಡಿದ್ದೆ, ಮೇಲೆತ್ತಿದ್ದರ ಬಗ್ಗೆ ಅರ್ಧ ಪುಟ. ಆ ನಾಲ್ಕು ಪುಟಗಳಲ್ಲಿ ನನ್ನ ಅಕ್ಷರ ಕೂಡ ಮುದ್ದಾಗಿತ್ತು. ಯಾವ ಹಡಗನ್ನು ಯಾವುದರ ಪಕ್ಕಕ್ಕೆ ಮುಳುಗಿಸಿದರೆ ದಾರಿ ಪೂರ್ತಿ ಮುಚ್ಚೀತು ಎಂಬ ಲೆಕ್ಕಾಚಾರದಲ್ಲಿ ನನಗೆ ಅಷ್ಟೊಂದು ಸುಖ ಎಲ್ಲಿಂದ ಬಂತೆಂದು ಯೋಚಿಸುತ್ತ ಒಂದು ರಾತ್ರಿ ನಿದ್ದೆಗೆಟ್ಟೆ.

ಉಳಿದರ್ಧ ಪುಟವನ್ನು ಈಗ ನಿನಗಾಗಿ ಹಿಗ್ಗಿಸುತ್ತೇನೆ. ಸುಮಾರು ಒಂದು ವರ್ಷ ಆ ಡಾಕುಗಳು ನೀರಿನಡಿಯಲ್ಲೇ ಇದ್ದವು, ನೋಡಿದವರು ಕೈಚೆಲ್ಲಿದ್ದರು. 1942ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಎಡ್ವರ್ಡ್ ಎಲ್ಸ್‌ಬರ್ಗ್ ಅಲ್ಲಿಗೆ ಬಂದರು. ಕೈಯಲ್ಲಿದ್ದದ್ದು ಬೆರಳೆಣಿಕೆಯ ಮುಳುಗುಗಾರರು, ಸಾಲದಷ್ಟು ಸಾಮಾನು, ಲೋಕದ ಅತಿ ಬಿಸಿ ಬಂದರುಗಳಲ್ಲಿ ಒಂದೆಂದು ಹೆಸರಾದ ಊರಿನ ಸೆಕೆ. ದೊಡ್ಡ ಡಾಕನ್ನು ಅವರು ಒತ್ತಡದ ಗಾಳಿ ತುಂಬಿಸಿಯೇ ಎಬ್ಬಿಸಿದರು. ನೀರಿನಿಂದೆತ್ತಲು ಹಿಡಿದದ್ದು ಒಂಬತ್ತು ದಿನ. ಗಾಳಿಯಿಂದ ಎಬ್ಬಿಸುವುದರ ತರ್ಕ ನನಗೆ ಬಹಳ ಹಿಡಿಸಿತು. ಬೋರಲು ಹಾಕಿದ ಕೊಡದೊಳಗೆ ಗಾಳಿ ಊದಿದರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆಯಲ್ಲವೇ, ಹಾಗೆ. ಮೇಲುಗಡೆ ಗಾಳಿ ಸೋರದಿದ್ದರೆ ಸಾಕು. ತಳದ ತೂತನ್ನು ಮುಚ್ಚಬೇಕಾಗಿಯೇ ಇಲ್ಲ, ನೀರು ಹೊರಹೋಗುವುದೇ ಅದರ ಮೂಲಕ. ಆ ಡಾಕಿನ ಕಥೆ ಹೇಳುವವರು, ಮುಳುಗಿಸಲೆಂದು ಇಟ್ಟ ಬಾಂಬುಗಳಲ್ಲಿ ಸಿಡಿಯದೆ ಉಳಿದ ಒಂದನ್ನು ಹೇಳಲು ಮರೆಯುವುದಿಲ್ಲ.

ಈ ಸಿಡಿಯದ ಬಾಂಬಿನ ಹತ್ತಿರ ಬಂದಾಗ ನನಗೆ ನೆನಪಾದದ್ದು ನಮ್ಮ ಪತ್ರಿಕೆ. ನಾವಿಬ್ಬರೂ ಜಗಳವಾಡಿ ನಾನು ಹೊರಟಾಗ, ಚಂದಾದಾರರ ವಹಿ ಕಳೆದುಹೋಗಿದೆ ಎಂದೆನಲ್ಲ, ಅದು ಕಳೆದಿರಲಿಲ್ಲ. ನನ್ನ ಚೀಲದಲ್ಲಿತ್ತು. ನನಗೆ ಬೇಕಾಗಿತ್ತೆಂದಲ್ಲ, ನಿನಗೆ ಸಿಗಬಾರದಿತ್ತು, ಅಷ್ಟೇ. ಮೊದಲ ವರ್ಷದ ಹಳೆಯ ಪಟ್ಟಿಯೊಂದು ಮೇಜಿನ ಖಾನೆಯಲ್ಲಿ ಉಳಿದಿತ್ತು. ಅದರಿಂದ ಆರಂಭಿಸಿ, ಹಳೆಯ ಲಕೋಟೆಗಳ ಮೇಲಿನ ವಿಳಾಸಗಳನ್ನು ಒಂದೊಂದಾಗಿ ಕೂಡಿಸಿ, ಎಂಟು ತಿಂಗಳಲ್ಲಿ ನೀನು ಪತ್ರಿಕೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದೆ. ಆ ಪಟ್ಟಿಯನ್ನು ಬೇಕೆಂದೇ ಬಿಟ್ಟುಬಂದೆ ಎಂದು ಹೇಳಿಕೊಳ್ಳುವ ಆಸೆ ಈ ವಾಕ್ಯ ಬರೆಯುವಾಗಲೂ ಇದೆ. ಹಾಗಲ್ಲ. ಮರೆತಿದ್ದೆ.

ಇಷ್ಟನ್ನು ಇಲ್ಲಿ ಬರೆಯುವ ಉದ್ದೇಶವಿರಲಿಲ್ಲ, ಮಸ್ಸಾವಾಕ್ಕೆ ಮರಳುತ್ತೇನೆ. ಒಡೆದ ಯಂತ್ರಗಳನ್ನು ಸರಿಪಡಿಸುವ ಕೆಲಸಕ್ಕೆ ಇಟಲಿಯ ಯುದ್ಧಕೈದಿಗಳೂ ನಿಂತರು. ಅವರೊಡನೆ ದುಡಿದ ಎರಿಟ್ರಿಯಾದವರ, ಸುಡಾನಿನವರ, ಅರಬರ ಹೆಸರುಗಳನ್ನು ನಾನು ಓದಿದ ಪುಟಗಳಲ್ಲಿ ಹುಡುಕಿ ಸೋತೆ. ಎಲ್ಲ ಕಡೆಯೂ ಅವರು 'ಕೂಲಿಗಳು'. ಅದೇ ವರ್ಷ ಜರ್ಮನಿಯ ಸೇನಾಪತಿ ರೊಮ್ಮೆಲ್‌ನ ಸೇನೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಹೊಸ್ತಿಲಿಗೆ ಬಂದಾಗ, ಬ್ರಿಟಿಷ್ ನೌಕಾಪಡೆಗೆ ಮಸ್ಸಾವಾ ಆಸರೆಯಾಯಿತು. ಡೈಡೋ ಎಂಬ ಕ್ರೂಸರ್ ಅಲ್ಲಿದ್ದ ಡಾಕಿಗಿಂತ ಉದ್ದವಿತ್ತು. ಅದಕ್ಕೇನಂತೆ, ಮೂತಿಯನ್ನು ನೀರಿನಲ್ಲಿಯೇ ಬಿಟ್ಟು ಹಿಂಭಾಗವನ್ನಷ್ಟೇ ಎತ್ತಿ ರಿಪೇರಿ ಮಾಡಿದರು. ನಮ್ಮ ಆ ಮಳೆಗಾಲದ ಸಂಚಿಕೆ ನೆನಪಾಗಲಿಲ್ಲವೇ ನಿನಗೆ?

ಅತ್ಯಂತ ಕಹಿಯಾದ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಯುದ್ಧ ಮುಗಿದ ಮೇಲೆ ಎರಿಟ್ರಿಯಾವನ್ನು ಆಳುತ್ತಿದ್ದ ಬ್ರಿಟಿಷ್ ಆಡಳಿತವೇ ಮಸ್ಸಾವಾ ಬಂದರಿನ ಕಟ್ಟಡ, ಸಲಕರಣೆಗಳನ್ನು ಬಿಚ್ಚಿ ಮಾರಿತು. 1990ರ ಫೆಬ್ರವರಿಯಲ್ಲಿ ಎರಿಟ್ರಿಯಾದ ವಿಮೋಚನಾ ಹೋರಾಟಗಾರರು ಇಥಿಯೋಪಿಯಾದ ಹಿಡಿತದಲ್ಲಿದ್ದ ಊರನ್ನು ಗೆದ್ದರು, ಆಮೇಲೆ ಇಥಿಯೋಪಿಯಾದ ವಿಮಾನಗಳು ಅದರ ಮೇಲೆ ಬಾಂಬು ಸುರಿದವು. ಅರಮನೆಯ ಒಡೆದ ಗುಮ್ಮಟ ಎಷ್ಟೋ ವರ್ಷ ಹಾಗೆಯೇ ನಿಂತಿತ್ತು. ಅಂದರೆ ಆ ಊರಿನ ಜನ ಒಂದೇ ಬಂದರನ್ನು ಮತ್ತೆ ಮತ್ತೆ ಕಟ್ಟಿದ್ದಾರೆ. ನಾನು ಕತ್ತಿಯ ಕಥೆಯೊಂದನ್ನೇ ಮತ್ತೆ ಮತ್ತೆ ಹೇಳಿದ್ದೇನೆ.

ಮೇಲಿನ ತಪ್ಪೊಪ್ಪಿಗೆಯನ್ನು ಎರಡು ಸಲ ಅಳಿಸಿ, ಮೂರನೆಯ ಸಲ ಉಳಿಸಿದೆ. ಓದಿದ ಮಿಕ್ಕವರು ಅದನ್ನು ಲೇಖಕನ ಅಲಂಕಾರವೆಂದು ತಿಳಿಯಲಿ. ನನ್ನ ಬಗ್ಗೆ ಹಿಂದೆಯೂ ಅವರು ಹಾಗೆಯೇ ತಿಳಿದದ್ದರಿಂದಲ್ಲವೇ ನನಗೊಂದು ಶಾಲು ಸಿಕ್ಕಿದ್ದು. ವಹಿಯನ್ನು ಅಂಚೆಗೆ ಹಾಕುತ್ತಿದ್ದೇನೆ, ಕರ್ನಲ್ ಬೆಕ್ಕಿನ ಹೆಸರಿಗೆ, ನೀನು ತೆಗೆದುಕೊಳ್ಳದೆ ಹಿಂದಿರುಗಿಸಬಾರದೆಂದು. ಅದರಲ್ಲಿರುವ ಅರ್ಧ ವಿಳಾಸಗಳು ಈಗ ಬದಲಾಗಿರುತ್ತವೆ. ಬೆನ್ನು ಸ್ವಲ್ಪ ಬಾಗಿದೆ, ಮುರಿದಿಲ್ಲ. ಅಂಚೆಚೀಟಿ ಕಡಿಮೆ ಬಿದ್ದಿದ್ದರೆ ದಂಡವನ್ನು ನೀನೇ ಕಟ್ಟಿ ಬಿಡಿಸಿಕೊ.

ನಿನ್ನ,
ಛತ್ರಿ ಕಳ್ಳ