ಮಗಳಿಗೊಂದು ಪತ್ರ: ಮಂಚದ ಮೇಲೆ ಹಾಕಿದ ತಪ್ಪು

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಬಂದು ಮೂರು ದಿನ ಆಯಿತು. ಫೋನಿನಲ್ಲಿ ಎರಡು ಸಲ ಉತ್ತರ ಬರೆಯಲು ಕೂತು ಅಳಿಸಿದೆ. ಹೆಬ್ಬೆರಳಿನಲ್ಲಿ ಬರೆದು ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಈ ಕಾಗದ.

"ಅಮ್ಮಾ, ಪ್ರತಿ ಭಾನುವಾರ ತಲೆ ತಗ್ಗಿಸಿ ನಾವು ಪಾಪಿಗಳು, ಪಾಪಿಗಳು ಅಂತ ಯಾಕೆ ಹೇಳಬೇಕು? ನಾನು ಅಷ್ಟು ಕೆಟ್ಟವಳಾ?" ಅಂತ ಕೇಳಿದ್ದೀ. ನಿಮ್ಮ ಧರ್ಮದವರು ಮೊದಲು ರೋಗ ಅಂಟಿಸಿ ಆಮೇಲೆ ಮದ್ದು ಮಾರುತ್ತಾರೆ ಅಂತ ಗೆಳತಿ ಹೇಳಿದಳಂತೆ. ಓದಿ ನಗು ಬಂತು. ಹಾಗೆ ಮದ್ದು ಮಾರುವವರನ್ನು ನಾನೂ ನೋಡಿದ್ದೇನೆ ಮಾರಾಯ್ತಿ. ಮೈಕ್ ಹಿಡಿದು ಹೆದರಿಸುವವರು ಎಲ್ಲ ಕಡೆ ಇದ್ದಾರೆ. ಆದರೆ ಹೆದರಿಸುವವರ ಮಾತೇ ನಮ್ಮ ನಂಬಿಕೆ ಅಂತ ನೀನು ತಿಳಿದುಕೊಂಡರೆ ನನಗೆ ಬೇಸರ ಆಗುತ್ತದೆ. ಹದಿನೆಂಟು ವರ್ಷ ಸಂಡೇ ಸ್ಕೂಲ್ ಕಲಿಸಿದ ನನ್ನದೂ ತಪ್ಪಿರಬೇಕು. ನಿಮಗೆಲ್ಲ ಆದಾಮ ಹವ್ವ ದೇವರು ಬೇಡ ಅಂದ ಹಣ್ಣು ತಿಂದ ಕಥೆಯನ್ನು ಚಿತ್ರ ತೋರಿಸಿ ಚೆನ್ನಾಗಿ ಹೇಳಿದೆವು. ಅದರ ಹಿಂದಿನ ಪುಟವನ್ನು ಸರಿಯಾಗಿ ಹೇಳಲಿಲ್ಲ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪಾಪದ ಕಥೆ ಶುರುವಾಗುವುದು ಅದರ ಮೊದಲ ಪುಸ್ತಕ ಆದಿಕಾಂಡದ 3ನೇ ಅಧ್ಯಾಯದಲ್ಲಿ. 1ನೇ ಅಧ್ಯಾಯದಲ್ಲಿ ಬೇರೆ ಮಾತಿದೆ: ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ, ಗಂಡೂ ಹೆಣ್ಣೂ ಆಗಿ ಉಂಟುಮಾಡಿದ. 'ಸ್ವರೂಪ' ಅಂತ ನಾವು ಓದುವ ಕಡೆ ಹೀಬ್ರೂವಿನಲ್ಲಿ ಇರುವುದು 'ತ್ಸೆಲೆಮ್' ಅನ್ನುವ ಪದ. ವಿಗ್ರಹಕ್ಕೂ ಅದೇ ಪದ. ಆ ಕಾಲದ ಈಜಿಪ್ಟಿನಲ್ಲಿ, ಬಾಬೆಲಿನ ಕಡೆ, ದೇವರ ಪ್ರತಿರೂಪ ಅಂತ ಕರೆಸಿಕೊಳ್ಳುವವನು ರಾಜ. ಆದಿಕಾಂಡ ಬರೆದವರು ಆ ಮಾತನ್ನು ರಾಜನ ತಲೆಯಿಂದ ಇಳಿಸಿ ಎಲ್ಲರ ತಲೆಗೆ ಇಟ್ಟರು. ಕುರಿ ಕಾಯುವವನಿಗೂ, ನೀರು ಹೊರುವವಳಿಗೂ. ಇದನ್ನು ಓದಿದ ಮೇಲೂ ಮದುವೆ ಮಾತುಕತೆಯಲ್ಲಿ "ಅವರು ಮೊದಲು ಯಾವ ಜಾತಿಯಿಂದ ಬಂದವರು" ಅಂತ ಪಿಸುಗುಟ್ಟುವ ನಮ್ಮ ಚರ್ಚಿನ ಸಭೆಯವರನ್ನು ನೀನೂ ಕೇಳಿದ್ದೀ. ಅದು ಯಾಕೆ ಹಾಗೆ ಅನ್ನುವುದಕ್ಕೇ 3ನೇ ಅಧ್ಯಾಯ ಇರುವುದು.

2ನೇ ಅಧ್ಯಾಯ ಮಣ್ಣಿನದು. ಕುಂಬಾರ ಮಡಕೆ ಮಾಡಿದ ಹಾಗೆ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಮೂಗಿಗೆ ಉಸಿರು ಊದಿದ. ಹೀಬ್ರೂವಿನಲ್ಲಿ ಮಣ್ಣಿಗೆ 'ಅದಾಮಾ', ಮನುಷ್ಯನಿಗೆ 'ಆದಾಮ'. ಮಣ್ಣಿನವನು ಅಂತಲೇ ಹೆಸರು. ನಮ್ಮ ಪಕ್ಕದ ಮನೆಯ ಕೆಥೋಲಿಕರು ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವುದು ಈ ನೆನಪಿಗೇ.

ಮಣ್ಣು ಅಂದ ಕೂಡಲೇ ನನಗೆ ನಿನ್ನ ಅಜ್ಜಿ ನೆನಪಾಗುತ್ತಾರೆ. ಈ ಕಾಗದ ಬರೆಯುವುದೂ ಅವರ ವಿಷಯಕ್ಕೇ.

ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರಿನ ಹೊಳೆ ಬದಿಯಲ್ಲೆಲ್ಲ ಅಂಥವೇ ಎದ್ದವು. ಅಜ್ಜಿ ಅಂಥ ಒಂದರಲ್ಲಿ ಮೂವತ್ತು ವರ್ಷ ದುಡಿದವರು. ಅಚ್ಚಿನಿಂದ ಬಂದ ಹಸಿ ಹಂಚಿನ ಅಂಚು ಒರೆಸಿ, ತಿರುಗಿಸಿ, ಒಣಗಲು ಇಡುವ ಕೆಲಸ. ನೀನು ಹಾಸ್ಟೆಲಿನಲ್ಲಿದ್ದ ಎರಡು ವರ್ಷ ಅವರ ನೆನಪು ಪೂರ್ತಿ ಹೋಗಿತ್ತು. ರಜೆಯಲ್ಲಿ ಬಂದಾಗ ನೀನು ನೋಡಿದ್ದು ಸ್ವಲ್ಪ. ಕೊನೆಕೊನೆಗೆ ಮಗನ ಗುರುತು ಸಿಗುತ್ತಿರಲಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಅರ್ಧಕ್ಕೆ ನಿಂತು ಹೋಗುತ್ತಿತ್ತು. ಆದರೆ ಕೈ ಮಾತ್ರ ಮರೆತಿರಲಿಲ್ಲ. ಮಲಗಿದಲ್ಲೇ ಹೊದಿಕೆಯ ಅಂಚು ಹಿಡಿದು ಒರೆಸುವುದು, ತಿರುಗಿಸುವುದು, ಪಕ್ಕಕ್ಕೆ ಇಡುವುದು. ದಿನಕ್ಕೆ ಎಷ್ಟು ಹಂಚು ಮಾಡುತ್ತಿದ್ದರೋ.

ಆಗ ನನಗೆ ಒಂದು ಪ್ರಶ್ನೆ ಬಂದಿತ್ತು. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿ ಬಂದಿದ್ದ ನಮ್ಮ ಹಿಂದಿನ ಪಾದ್ರಿ ಅಯ್ಯನವರನ್ನು ಕೇಳಿದೆ. ದೇವರ ಸ್ವರೂಪ ಅಂದರೆ ಬುದ್ಧಿ, ನೆನಪು ಅಂತ ಹೇಳಿಕೊಟ್ಟಿದ್ದಾರಲ್ಲ, ಇವರಿಗೆ ಅದೇ ಹೋಗಿದೆ. ಹಾಗಾದರೆ ಇವರಲ್ಲಿ ಸ್ವರೂಪ ಎಲ್ಲಿದೆ? ಅವರು ಕೂಡಲೇ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಮನೆಗೆ ಬಂದು, ಕಾಫಿ ಕುಡಿಯುತ್ತಾ ಹೇಳಿದರು. ಹಳೇ ಕಾಲದ ಆಫ್ರಿಕಾದ ಬಿಷಪ್ ಅಗಸ್ಟೀನ್ ಆ ಸ್ವರೂಪವನ್ನು ನೆನಪು, ತಿಳಿವಳಿಕೆ, ಇಚ್ಛೆ ಈ ಮೂರರಲ್ಲಿ ಹುಡುಕಿದನಂತೆ. ಅವನ ನಂತರ ಪಶ್ಚಿಮದ ಸಭೆಯಲ್ಲಿ ಬುದ್ಧಿಯ ಕಡೆಗೇ ಜಾಸ್ತಿ ತೂಕ ಬಿತ್ತು. ಆದರೆ ಸ್ವರೂಪದ ಮಾತು ಬಂದಾಗ ಆದಿಕಾಂಡ ಬುದ್ಧಿಯ ಹೆಸರನ್ನೇ ಎತ್ತುವುದಿಲ್ಲ. ಜಲಪ್ರಳಯ ಕಳೆದ ಮೇಲೆ, 9ನೇ ಅಧ್ಯಾಯದಲ್ಲಿ, ಮನುಷ್ಯನ ರಕ್ತ ಸುರಿಸಬೇಡಿ, ಅವನು ದೇವರ ಸ್ವರೂಪದಲ್ಲಿ ಆದವನು ಅಂತ ಮತ್ತೆ ಹೇಳುತ್ತದೆ. ಹಣ್ಣು ತಿಂದಾಗಿತ್ತು, ಆದಾಮನ ಮಗ ಕಾಯಿನನು ತನ್ನ ತಮ್ಮನನ್ನು ಕೊಂದಾಗಿತ್ತು, ಲೋಕ ಮುಳುಗಿ ಎದ್ದಾಗಿತ್ತು. ಆಗಲೂ ಸ್ವರೂಪ ಹೋಗಿದೆ ಅನ್ನಲಿಲ್ಲ. "ಅದು ನಾವು ಸಂಪಾದಿಸಿದ್ದಲ್ಲ ಅಮ್ಮ, ಆದ್ದರಿಂದ ಕಳೆದುಕೊಳ್ಳಲೂ ಆಗುವುದಿಲ್ಲ. ದೇವರು ನೆನಪಿಟ್ಟುಕೊಂಡಿದ್ದಾನೆ, ಸಾಕು" ಅಂದರು. 8ನೇ ಕೀರ್ತನೆಯ ಸಾಲೂ ಅದೇ ಅಲ್ವಾ? ಮನುಷ್ಯನು ಎಷ್ಟರವನು, ನೀನು ಅವನನ್ನು ಯಾಕೆ ನೆನಸಬೇಕು? ನೆನಸುವವನು ದೇವರು, ಮನುಷ್ಯ ಅಲ್ಲ.

ಆ ಮಾತಿನ ನಂತರ ಅಜ್ಜಿಗೆ ಸ್ನಾನ ಮಾಡಿಸುವುದು ನನಗೆ ಬೇರೆ ಥರ ಕಂಡಿತು. ದೇಹ ಹಳೇ ಬಟ್ಟೆ, ಆತ್ಮ ಮಾತ್ರ ನಿಜ ಅಂತ ನಮ್ಮವರೂ ಸಾವಿನ ಮನೆಯಲ್ಲಿ ಹೇಳುತ್ತಾರೆ. ಆದರೆ ನಮ್ಮ ವಿಶ್ವಾಸ ಪ್ರಮಾಣದಲ್ಲಿ ನಾವು ಹೇಳುವುದು ಶರೀರದ ಪುನರುತ್ಥಾನ. ದೇಹವೂ ಮನುಷ್ಯನೇ. ಆ ಸುಕ್ಕು ಬೆನ್ನು, ಮಣ್ಣಿನಲ್ಲಿ ಸವೆದ ಬೆರಳುಗಳು, ಎಲ್ಲವೂ ಅವರೇ.

ಇಷ್ಟು ತಿಳಿದಿದ್ದೂ ನಾನು ಏನು ಮಾಡಿದೆ ಕೇಳು. ಇದನ್ನು ನಿನ್ನ ಅಪ್ಪನಿಗೆ ಬಹಳ ತಡವಾಗಿ ಹೇಳಿದೆ. ನಿನಗೆ ಈಗ.

ಒಂದು ಮಳೆಗಾಲದ ರಾತ್ರಿ, ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಆಗ ತಾನೆ ಮೂರನೇ ಸಲ ಚಾದರ ಬದಲಾಯಿಸಿದ್ದೆ. ಅಜ್ಜಿ ಗಂಜಿ ಬೇಕು ಅಂದರು. ಬಿಸಿ ಮಾಡಿ ತಂದೆ. ಒಂದು ಚಮಚ ಬಾಯಿಗಿಟ್ಟರೆ ಹೊಸ ಚಾದರದ ಮೇಲೆ ಉಗಿದು ನಕ್ಕರು. ಮಗು ನಕ್ಕ ಹಾಗೆ. ನಾನು ಅವರ ತೋಳನ್ನು ಚಿವುಟಿದೆ. ಮೆತ್ತಗೆ ಅಲ್ಲ. ಬೇಕೆಂದೇ, ಗಟ್ಟಿಯಾಗಿ. ಅವರು ಅಳಲಿಲ್ಲ. ಇದು ಯಾರು ಅನ್ನುವ ಹಾಗೆ ನನ್ನ ಮುಖ ನೋಡಿದರು.

ಬೆಳಿಗ್ಗೆ ತೋಳು ನೀಲಿಗಟ್ಟಿತ್ತು. ಅಪ್ಪ ಕೇಳಿದರು. "ಮಂಚದ ಅಂಚು ತಾಗಿತು" ಅಂದೆ.

ಆದಿಕಾಂಡದ ಕಥೆಯನ್ನು ಅಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆ. ಅದು ನನ್ನ ಕಥೆ ಅಂತ ಗೊತ್ತಾಗಿದ್ದು ಆ ದಿನ. ತಪ್ಪು ಮಾಡಿದ ಮೇಲೆ ಆ ಇಬ್ಬರು ಮೊದಲು ಮಾಡಿದ್ದು ಮೈ ಮುಚ್ಚಿ ಅಡಗಿಕೊಂಡಿದ್ದು. ಆಮೇಲೆ ಮಾಡಿದ್ದು ಬೇರೆಯವರ ಕಡೆ ಬೆರಳು ತೋರಿಸಿದ್ದು. ಆದಾಮ ಹವ್ವಳ ಮೇಲೆ ಹಾಕಿದ. ಹವ್ವ ಸರ್ಪದ ಮೇಲೆ ಹಾಕಿದಳು. ನಾನು ಮಂಚದ ಮೇಲೆ ಹಾಕಿದೆ.

ಕೌನ್ಸೆಲಿಂಗ್ ಓದುವವಳು ನೀನು. ನಿದ್ದೆ ಇಲ್ಲ, ಸಹಾಯಕ್ಕೆ ಜನ ಇಲ್ಲ, ಒತ್ತಡ ಅಂತ ಕಾರಣ ಹೇಳುತ್ತೀ. ಎಲ್ಲ ನಿಜ. ಎರಡು ವರ್ಷ ರಾತ್ರಿ ಪಾಳಿ ನನ್ನೊಬ್ಬಳ ಮೇಲೆ ಬಿದ್ದಿದ್ದೂ ನ್ಯಾಯ ಅಲ್ಲ, ಅದನ್ನು ಅಪ್ಪನಿಗೆ ಹೇಳಿಯೂ ಆಯಿತು. ಆದರೆ ಕಾರಣ ಎಲ್ಲ ಲೆಕ್ಕಕ್ಕೆ ಹಾಕಿದ ಮೇಲೂ ಬೆರಳ ತುದಿಯಷ್ಟು ಉಳಿಯಿತು. ಚಿವುಟಿದ ಆ ಕ್ಷಣ ನನಗೆ ಒಂಥರಾ ಹಿತ ಅನಿಸಿತ್ತು. ಆ ಹಿತಕ್ಕೆ ನಿದ್ದೆಗೆಟ್ಟಿದ್ದು ಕಾರಣ ಅಲ್ಲ.

ಅಗಸ್ಟೀನ್ ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಪಕ್ಕದ ತೋಟದ ಪೇರ್ ಹಣ್ಣು ಕದ್ದಿದ್ದ. ಹಸಿವಿಗೆ ಅಲ್ಲ. ಅದಕ್ಕಿಂತ ಒಳ್ಳೆಯದು ಮನೆಯಲ್ಲೇ ಇತ್ತು. ಕದ್ದು ಹಂದಿಗಳಿಗೆ ಎಸೆದರು. ನಡುವಯಸ್ಸಿನಲ್ಲಿ ತನ್ನ ಬದುಕಿನ ಕಥೆ ಬರೆಯುವಾಗ ಆ ಹಣ್ಣಿನ ವಿಷಯವನ್ನು ಪುಟಗಟ್ಟಲೆ ಕೆದಕಿದ್ದಾನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದಾ ಅಂತ ಮೊದಲು ನಗಾಡಿದವಳು ನಾನು. ತಪ್ಪು ಮಾಡುವುದೇ ಅವನಿಗೆ ರುಚಿಸಿತ್ತು, ಅದು ಅವನನ್ನು ಕಾಡಿತು.

ಅಗಸ್ಟೀನ್ ಹೇಳಿದ್ದೆಲ್ಲ ನನಗೆ ಒಪ್ಪಿಗೆ ಅಂತ ಅಂದುಕೊಳ್ಳಬೇಡ. ಹಾಲು ಕುಡಿಯುವ ಕೂಸು ಇನ್ನೊಂದು ಕೂಸನ್ನು ಕಂಡು ಮುಖ ಬಿಳಿಚಿಕೊಂಡು ಹೊಟ್ಟೆಕಿಚ್ಚು ಪಟ್ಟಿದ್ದನ್ನು ನೋಡಿದ್ದೇನೆ ಅನ್ನುತ್ತಾನೆ. ನಿನ್ನ ಚಿಕ್ಕಮ್ಮನ ಮಗುವನ್ನು ನಾನು ಎತ್ತಿಕೊಂಡಾಗ ನೀನೂ ಊರು ಕೇಳುವ ಹಾಗೆ ಕಿರುಚಿದ್ದೀ. ಅದನ್ನು ಪಾಪ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೆದರಿಕೆ ಅದು. ಆದಾಮನ ಅಪರಾಧವೇ ನಮಗೂ ಹುಟ್ಟಿನಿಂದ ಬಂದಿದೆ ಅನ್ನುವುದಕ್ಕೆ ಅಗಸ್ಟೀನ್ ಆಧಾರ ಮಾಡಿಕೊಂಡ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ ವಚನ ಅವನ ಲ್ಯಾಟಿನ್ ಪ್ರತಿಯಲ್ಲಿ 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಅಂತ ಇತ್ತಂತೆ. ಗ್ರೀಕ್ ಮೂಲದಲ್ಲಿ 'ಎಲ್ಲರೂ ಪಾಪ ಮಾಡಿದ್ದರಿಂದ' ಅಂತ ಅರ್ಥ. ಗ್ರೀಕ್ ಓದುತ್ತಿದ್ದ ಪೂರ್ವದ ಸಭೆಗಳು ಇವತ್ತಿಗೂ ನಮಗೆ ಬಂದಿದ್ದು ಸಾವು ಮತ್ತು ದುರ್ಬಲತೆ, ಆದಾಮನ ಅಪರಾಧ ಅಲ್ಲ ಅನ್ನುತ್ತವೆ. ನಮ್ಮ ಬ್ರಹ್ಮಾವರದ ಆರ್ಥೊಡಾಕ್ಸ್‌ನವರು ಗ್ರೀಕ್ ಅಲ್ಲ, ಸಿರಿಯನ್ ಪರಂಪರೆಯವರು, ಆದರೆ ಅವರೂ ಪೂರ್ವದ ಸಭೆಯವರೇ. ನನಗೆ ಆ ಮಾತೇ ಸರಿ ಕಾಣುತ್ತದೆ. ಅಯ್ಯನವರಿಗೆ ಹೇಳಬೇಡ.

ಆದರೂ ಅಗಸ್ಟೀನ್‌ನ ಎದುರಾಳಿ ಪೆಲಾಗಿಯಸ್ ಕಡೆಗೆ ನಾನು ಹೋಗಲಾರೆ. ಬ್ರಿಟನ್ ಕಡೆಯಿಂದ ರೋಮಿಗೆ ಬಂದವನು. ಒಳ್ಳೇ ಮನುಷ್ಯ, ಶಿಸ್ತಿನವನು. ದೇವರು ಆಜ್ಞೆ ಕೊಟ್ಟಿದ್ದಾನೆ ಅಂದ ಮೇಲೆ ಅದನ್ನು ಪಾಲಿಸುವ ಶಕ್ತಿಯೂ ಮನುಷ್ಯನಲ್ಲಿದೆ, ಮನಸ್ಸು ಮಾಡಿದರೆ ಆಗುತ್ತದೆ ಅಂದ. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರು ಅವನ ಬೋಧನೆಯನ್ನು ತಳ್ಳಿಹಾಕಿದರು. ಪಾಪಿ ಅನ್ನುವುದಕ್ಕಿಂತ ಅವನ ಮಾತು ಕೇಳಲು ಹಿತ. ನಿನ್ನ ಗೆಳತಿಗೂ ಹಿಡಿಸುತ್ತದೆ. ಆದರೆ ಆ ಬೆಳಿಗ್ಗೆ ನನಗೆ ಯಾರಾದರೂ "ಮನಸ್ಸು ಮಾಡಿದ್ದರೆ ಆಗುತ್ತಿತ್ತು" ಅಂದಿದ್ದರೆ ನಾನು ಮುಳುಗಿ ಹೋಗುತ್ತಿದ್ದೆ. ಮನಸ್ಸು ಮಾಡಿದ್ದೆ ಮಗಳೇ. ಪ್ರತಿ ರಾತ್ರಿ ಮಾಡುತ್ತಿದ್ದೆ. ಪೌಲನೂ ಅದನ್ನೇ ಗೋಳಾಡಿದ್ದಾನೆ: ಮಾಡಬೇಕೆಂದಿರುವ ಒಳ್ಳೇದನ್ನು ಮಾಡುವುದಿಲ್ಲ, ಬೇಡದ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ.

ನಮ್ಮ ಅಜ್ಜಮನೆಯ ಬಾವಿ ನೆನಪುಂಟಾ? ಬೇಸಿಗೆಯಲ್ಲಿ ಹೊಳೆಗೆ ಸಮುದ್ರದ ನೀರು ಏರಿದರೆ ಬಾವಿಯ ನೀರೂ ಸ್ವಲ್ಪ ಉಪ್ಪಾಗುತ್ತಿತ್ತು. ಮೇಲಿನ ಕೊಡ ಸಿಹಿ, ಅಡಿಯ ಕೊಡ ಉಪ್ಪು ಅಂತ ಇರಲಿಲ್ಲ. ಯಾವ ಕೊಡ ಎತ್ತಿದರೂ ಸ್ವಲ್ಪ ಉಪ್ಪು. ಮನುಷ್ಯ ಪೂರ್ತಿ ಕೆಟ್ಟಿದ್ದಾನೆ ಅಂತ ಪ್ರೊಟೆಸ್ಟಂಟ್ ಬೋಧಕ ಕ್ಯಾಲ್ವಿನ್ ಕಡೆಯವರು ಹೇಳುವುದರ ಅರ್ಥ ಇಷ್ಟೇ. ಇದಕ್ಕಿಂತ ಕೆಡಲು ಸಾಧ್ಯವೇ ಇಲ್ಲ ಅಂತ ಅಲ್ಲ. ಉಪ್ಪು ತಾಗದ ಕೊಡ ಇಲ್ಲ ಅಂತ. ನನ್ನ ಸೇವೆಯಲ್ಲೂ ಇತ್ತು ಅದು. ಎಂಥ ಸೊಸೆ ಅಂತ ಊರವರು ಹೊಗಳಲಿ ಅನ್ನುವ ಆಸೆ ಗಂಜಿಯ ಜೊತೆಯೇ ಬೇಯುತ್ತಿತ್ತು. ಹಾಗಂತ ಆ ಬಾವಿಯನ್ನು ಯಾರೂ ಮುಚ್ಚಲಿಲ್ಲ. ಬಾವಿ ಬಾವಿಯೇ.

ಆ ಭಾನುವಾರ ಆರಾಧನೆಗೆ ಹೋದೆ. ಪಾಪದ ಅರಿಕೆಗೆ ಬಂದಾಗ ಬಾಯಿ ತೆರೆಯಲಾಗಲಿಲ್ಲ. ಮಾಡಬೇಕಾದ್ದನ್ನು ಮಾಡಲಿಲ್ಲ, ಮಾಡಬಾರದ್ದನ್ನು ಮಾಡಿದೆವು ಅಂತ ಸುತ್ತ ಎಲ್ಲರೂ ಹೇಳುತ್ತಿದ್ದರು. ಊರಿನ ದೊಡ್ಡ ಡಾಕ್ಟರು, ಹೊಸದಾಗಿ ಮದುವೆಯಾದ ಹುಡುಗಿ, ಎದುರು ಬೆಂಚಿನ ಜಗಳಗಂಟಿ ಆಂಟಿ. ಅಲ್ಲಿಯವರೆಗೆ ಅದು ನನಗೆ ಸುಮ್ನೆ ಬಾಯಿಪಾಠ. ಅವತ್ತು ಮಾತ್ರ, ನಾನು ಮಂಚದ ಹೆಸರು ಹೇಳದೆ ಇರಬಹುದಾದ ಜಾಗ ಇದೊಂದೇ ಅನಿಸಿತು. ಕೊನೆಯ ಸಾಲಿಗೆ ದನಿ ಬಂತು. ನಿನ್ನನ್ನು ಚಿಕ್ಕವಳು ಮಾಡುತ್ತದೆ ಅಂತ ನೀನು ಬರೆದ ಆ ಮಾತು ಅವತ್ತು ನನ್ನನ್ನು ನೆಟ್ಟಗೆ ನಿಲ್ಲಿಸಿತು. ನಿನಗೂ ಹಾಗೇ ಆಗಬೇಕು ಅಂತ ಇಲ್ಲ. ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನೆ ನಿಂತಿರು. ಬೆಂಗಳೂರಿನಲ್ಲಿ ಸಭೆಗೆ ಹೋಗುತ್ತೀಯೋ ಇಲ್ಲವೋ ಅಂತ ನಾನು ಲೆಕ್ಕ ಕೇಳುವುದಿಲ್ಲ.

ಮನೆಗೆ ಬಂದಾಗ ಅಜ್ಜಿ ಎಂದಿನ ಹಾಗೆ ಹೊದಿಕೆಯ ಅಂಚು ಒರೆಸುತ್ತಿದ್ದರು. ತೋಳಿನ ಗುರುತು ಹಳದಿಗೆ ತಿರುಗಿತ್ತು. ಸೀರೆ ಬದಲಾಯಿಸದೆ ಹಾಗೆಯೇ ಮಂಚದ ಮೇಲೆ ಕೂತೆ. "ಅತ್ತೆ, ನಾನು ಚಿವುಟಿದ್ದು" ಅಂದೆ. ಅವರಿಗೆ ತಿಳಿಯಲಿಲ್ಲ. ತಿಳಿಯುವುದಿಲ್ಲ ಅಂತ ಗೊತ್ತಿದ್ದೇ ಹೇಳಿದೆ. ಅವರ ಕೈ ಹೊದಿಕೆ ಬಿಟ್ಟು ನನ್ನ ಕೈಗೆ ಬಂತು. ಅಂಗೈಯನ್ನು ಮೇಲೆ ಮಾಡಿ, ಕೆಳಗೆ ಮಾಡಿ, ಅಂಚನ್ನು ಬೆರಳಿನಿಂದ ಒರೆಸಿದರು. ಒಂದು ಸಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪಕ್ಕದಲ್ಲಿ ಮೆಲ್ಲಗೆ ಇಟ್ಟು, ಇನ್ನೊಂದು ಕೈ ಕೊಡು ಅನ್ನುವ ಹಾಗೆ ಕೈ ಚಾಚಿದರು.

ನಿನ್ನ
ಅಮ್ಮ